ಶರಾವತಿ ಮುಳುಗಡೆ: ಅರವತ್ತು ವರ್ಷವಾದರೂ ಪಹಣಿ ಏಕೆ ಬರಲಿಲ್ಲ

ಚುನಾವಣೆ ಹತ್ತಿರ ಬಂದಾಗ, ವಿಧಾನಮಂಡಲದ ಅಧಿವೇಶನ ಶುರುವಾದಾಗ, ಅರಣ್ಯ ಇಲಾಖೆ ಯಾವುದಾದರೂ ಹಳ್ಳಿಗೆ ನೋಟಿಸ್ ಕೊಟ್ಟಾಗ ಶಿವಮೊಗ್ಗ ಜಿಲ್ಲೆಯಲ್ಲಿ ತಪ್ಪದೆ ಏಳುವ ಮಾತು ಶರಾವತಿ ನದಿಯ ಅಣೆಕಟ್ಟೆಗಳಿಂದ ಊರು ಕಳೆದುಕೊಂಡ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ್ದು. ಡಿನೋಟಿಫಿಕೇಶನ್, ಬಗರ್‌ಹುಕುಂ, ಫಾರಂ 57, ಅರಣ್ಯ ಹಕ್ಕು, ಜಂಟಿ ಸರ್ವೆ, ಸುಪ್ರೀಂ ಕೋರ್ಟ್ ಎಲ್ಲವೂ ಒಂದೇ ಭಾಷಣದಲ್ಲಿ ಬಂದು ಹೋಗುತ್ತವೆ. ಹೊರಗಿನವರಿಗಿರಲಿ, ಜಿಲ್ಲೆಯ ಹುಡುಗರಿಗೂ ಇದು ಮುಳುಗಡೆಯ ವಿಚಾರವೋ ಕಾಡು ಒತ್ತುವರಿಯ ವಿಚಾರವೋ ತಿಳಿಯದಂತಾಗಿದೆ. ಎರಡೂ ಬೇರೆ ಬೇರೆ. ಅವು ಹೇಗೆ ಒಂದೇ ಕಡತಕ್ಕೆ ಸೇರಿಕೊಂಡವು ಎಂದು ಅರಿಯಲು ಅಣೆಕಟ್ಟಿಗಿಂತಲೂ ಹಿಂದಕ್ಕೆ, ಗೇಣಿಯ ಕಾಲಕ್ಕೆ ಹೋಗಬೇಕು.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಲ್ಲೇ ಮೋಸವಾಗುತ್ತಿದೆ ಎಂಬ ದೂರಿನಿಂದ ಹುಟ್ಟಿದ ಹೋರಾಟ ಅದು. ಎಚ್. ಗಣಪತಿಯಪ್ಪ ದೀವರ ಸಮುದಾಯದ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೋಪಾಲಗೌಡರು ಶಾಸನಸಭೆಗೆ ಗೆದ್ದು ಹೋದರು. ಉಳುವವನಿಗೇ ಭೂಮಿ ಸಿಗಬೇಕೆಂಬ ಬೇಡಿಕೆ ಅಂದಿನಿಂದ ರಾಜ್ಯದ ರಾಜಕೀಯದಲ್ಲಿ ಗಟ್ಟಿಯಾಯಿತು. ಆದರೆ ಆ ಬೇಡಿಕೆ ಹಲ್ಲಿರುವ ಕಾನೂನಾಗಿ ಬಂದದ್ದು 1974ರಲ್ಲಿ. ನಡುವಿನ ಇಪ್ಪತ್ತಮೂರು ವರ್ಷಗಳಲ್ಲಿ ಕಣಿವೆಗೆ ನೀರು ನುಗ್ಗಿತು.

ನೀರು ಮೊದಲು ಬಂದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯಿಂದ. ಜೋಗದ 120 ಮೆಗಾವಾಟ್‌ನ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ ಅದು 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿತು. ಮಳೆ ಕೈಕೊಟ್ಟ ವರ್ಷ ಹಿನ್ನೀರು ಇಳಿದರೆ ಈಗಲೂ ಕಾಣುತ್ತದೆ, ನೋಡಲು ಜನ ಹೋಗುತ್ತಾರೆ. ಲಿಂಗನಮಕ್ಕಿಯದು ಬೇರೆಯೇ ಪ್ರಮಾಣ. 1,819 ಅಡಿ ಮಟ್ಟ, 151 ಟಿಎಂಸಿ ನೀರು, ಸುಮಾರು 300 ಚದರ ಕಿಲೋಮೀಟರ್ ಹಿನ್ನೀರು. ಅದರ ಬಲದ ಮೇಲೆ ನಿಂತ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಕಾರ್ಖಾನೆಗಳೂ ಬೆಂಗಳೂರಿನ ಬೀದಿ ದೀಪಗಳೂ ಬಹಳ ವರ್ಷ ನೆಚ್ಚಿಕೊಂಡಿದ್ದು ಈ ನೀರನ್ನೇ. ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಇದಕ್ಕಾಗಿ ಎದ್ದುಹೋದವು. ಮುಳುಗದೆ ಉಳಿದ ತುಮರಿ ಸೀಮೆ ದ್ವೀಪದಂತಾಯಿತು. ಅಲ್ಲಿನವರು ಬಸುರಿಯರನ್ನೂ ರೋಗಿಗಳನ್ನೂ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿಸಿಯೇ ಸಾಗರಕ್ಕೆ ತರಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಎದ್ದುಹೋದವರು ಎಲ್ಲಿಗೆ ಹೋದರು ಎಂಬಲ್ಲೇ ಇಂದಿನ ತೊಡಕಿನ ಬೇರಿದೆ. ಹಲವು ಮನೆಗಳಿಗೆ ಸರ್ಕಾರವೇ ಲಾರಿ ಕಳಿಸಿತು. ದನ, ನೊಗ, ಪಾತ್ರೆ, ಬೀಜದ ಭತ್ತ, ಬಿಚ್ಚಿದ ಮನೆಯ ಬಾಗಿಲು, ಕಂಬಗಳ ಜೊತೆ ಹತ್ತಿಕೊಂಡವರನ್ನು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕಾಡಿನಲ್ಲಿ ಇಳಿಸಲಾಯಿತು. ಇಷ್ಟು ಸರ್ವೆ ನಂಬರು ನಿಮಗೆಂದು ಬಿಡುಗಡೆಯಾಗಿದೆ, ಕಡಿದು ಸಾಗು ಮಾಡಿಕೊಳ್ಳಿ ಎಂದರು. ತೋಟ, ಗದ್ದೆ, ಕೆರೆ, ಬನ ಎಲ್ಲ ಇದ್ದ ಕಡೆಯಿಂದ ಬಂದವರು ಆನೆ, ಹುಲಿ, ಮಲೇರಿಯಾ ಇದ್ದ ಕಡೆ ಗುಡಿಸಲು ಹಾಕಿ ಮೊದಲಿನಿಂದ ಆರಂಭಿಸಿದರು. ನಂಟರು ಹಂಚಿಹೋದರು. ಒಂದೇ ಊರಿನವರು ನಾಲ್ಕು ತಾಲ್ಲೂಕುಗಳಲ್ಲಿ ಚದುರಿದರು.

ಪರಿಹಾರದ ಹಣವೂ ನೇರವಾಗಿ ಹರಿಯಲಿಲ್ಲ. ದಾಖಲೆಯಲ್ಲಿ ಹೆಸರಿದ್ದವರಿಗೆ ಪರಿಹಾರ ಬರುತ್ತದೆ. ಗೇಣಿಗೆ ಉಳುತ್ತಿದ್ದವರ ಹೆಸರು ದಾಖಲೆಯಲ್ಲಿರುವುದು ಅಪರೂಪ. ಕಾಗೋಡಿನಲ್ಲಿ ಎದ್ದ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಭೂಮಿ ಮುಳುಗಿದ್ದರಿಂದ, ಉತ್ತು ಬಿತ್ತಿದ್ದವರಲ್ಲಿ ಎಷ್ಟೋ ಮಂದಿ ಬರಿಗೈಯಲ್ಲಿ ಲಾರಿ ಹತ್ತಬೇಕಾಯಿತು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂದು ಮಲೆನಾಡಿನ ಸಾವಿರಾರು ಗೇಣಿದಾರರು ಫಾರಂ 7 ತುಂಬಿ ಒಡೆಯರಾದರು. ಮುಳುಗಡೆಯವರು ಗೇಣಿ ಮಾಡಿದ್ದ ಗದ್ದೆ ಆ ಹೊತ್ತಿಗೆ ನೀರಿನಡಿ ಹತ್ತು ವರ್ಷ ಕಳೆದಿತ್ತು. ಹೊಸದಾಗಿ ಉಳುತ್ತಿದ್ದ ನೆಲಕ್ಕೆ ಭೂಮಾಲೀಕ ಯಾರೂ ಇರಲಿಲ್ಲ, ಸರ್ಕಾರವಿತ್ತು. ಹಾಗಾಗಿ ರಾಜ್ಯ ಕಂಡ ಅತಿ ದೊಡ್ಡ ಭೂಸುಧಾರಣೆ, ಅದಕ್ಕಾಗಿ ಮೊದಲು ದನಿಯೆತ್ತಿದ ಸೀಮೆಯ ಇಷ್ಟೊಂದು ಜನರನ್ನು ಮುಟ್ಟಲೇ ಇಲ್ಲ. ಈ ಇಡೀ ಇತಿಹಾಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಆಗಲೂ ಕಾಲ ಮಿಂಚಿರಲಿಲ್ಲ. ಬಿಟ್ಟುಕೊಟ್ಟ ಕಾಡನ್ನು ಅಳೆದು, ಅರಣ್ಯದ ಪಟ್ಟಿಯಿಂದ ತೆಗೆದು, ಕಂದಾಯಕ್ಕೆ ಸೇರಿಸಿ, ಪೋಡಿ ಮಾಡಿ (ಒಬ್ಬೊಬ್ಬರ ಭಾಗಕ್ಕೂ ಪ್ರತ್ಯೇಕ ನಂಬರು ಕೊಟ್ಟು) ಹೆಸರು ಕೂರಿಸುವುದು ಆಗ ರಾಜ್ಯದ ಕೈಯಲ್ಲೇ ಇದ್ದ ಕೆಲಸ. ಕೆಲವು ಕಡೆ ಆಯಿತು, ಕೆಲವು ಕಡೆ ಅರ್ಧಕ್ಕೆ ನಿಂತಿತು, ಬಹಳ ಕಡೆ ಆಗಲೇ ಇಲ್ಲ. ಊರು ಎದ್ದಿತು, ಶಾಲೆ ಬಂತು, ಮತದಾರರ ಪಟ್ಟಿ ಬಂತು. ಜಮೀನಿನ ದಾಖಲೆಯಾದ ಪಹಣಿಯಲ್ಲಿ, ಒಡೆಯನ ಹೆಸರಿರಬೇಕಾದ ಕಾಲಂ 9ರಲ್ಲಿ ಮಾತ್ರ ಅರಣ್ಯವೆಂದೇ ಉಳಿಯಿತು.

1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯವನ್ನು ಬೇರೆ ಬಳಕೆಗೆ ಕೊಡುವ ಅಧಿಕಾರ ರಾಜ್ಯಕ್ಕೆ ಉಳಿಯಲಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಅರಣ್ಯ’ದ ವ್ಯಾಪ್ತಿಯನ್ನೇ ಹಿಗ್ಗಿಸಿತು. 2000ದ ನವೆಂಬರ್‌ನಲ್ಲಿ, ತನ್ನನ್ನು ಕೇಳದೆ ಅರಣ್ಯ ಪ್ರದೇಶವನ್ನು ಪಟ್ಟಿಯಿಂದ ಕೈಬಿಡಬಾರದು ಎಂದೂ ಆದೇಶಿಸಿತು. ಕಾಡು ಉಳಿಸಲು ಇವೆಲ್ಲ ಬೇಕಾಗಿದ್ದ ಕಟ್ಟುಪಾಡುಗಳೇ. ಪಶ್ಚಿಮ ಘಟ್ಟದಲ್ಲಿ ಇಂದು ಉಳಿದಿರುವ ಹಸಿರಿಗೆ ಅವುಗಳ ಋಣ ದೊಡ್ಡದು. ಆದರೆ ಸರ್ಕಾರವೇ ಕರೆತಂದು ಇಳಿಸಿದವನೂ ರಾತ್ರೋರಾತ್ರಿ ಬೇಲಿ ಸರಿಸಿದವನೂ ಆ ಕಟ್ಟುಪಾಡಿನ ಮುಂದೆ ಒಂದೇ ಸಾಲಿನಲ್ಲಿ ನಿಂತರು. ಇಬ್ಬರನ್ನು ಬೇರ್ಪಡಿಸಿ ತೋರಿಸುವ ಕಾಗದ ಇರಬೇಕಾದ ಜಾಗ ಖಾಲಿ ಇತ್ತು.

1994ರಿಂದ 2017ರವರೆಗೆ ಬಂದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಈ ಖಾಲಿ ಜಾಗವನ್ನು ತಾವೇ ತುಂಬಲು ನೋಡಿದವು. ಒಂಬತ್ತು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ಅರಣ್ಯದಿಂದ ಕೈಬಿಡುವ 56 ಅಧಿಸೂಚನೆಗಳು ಹೊರಟವು, ಹಕ್ಕುಪತ್ರಗಳೂ ಹಂಚಿಹೋದವು. ವೇದಿಕೆಯ ಮೇಲೆ ಹಕ್ಕುಪತ್ರ ಪಡೆದ ಮನೆಗಳಲ್ಲಿ ಆ ದಿನ ಹಬ್ಬವೇ ಆಗಿತ್ತು. ಕೇಂದ್ರದ ಅನುಮತಿ ಪಡೆದಿಲ್ಲ ಎಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟ್ ಈ ಪ್ರಕ್ರಿಯೆಯನ್ನು ಒಪ್ಪಲಿಲ್ಲ. ಆಮೇಲೆ ಅಧಿಸೂಚನೆಗಳು ರದ್ದಾದವು. ಕೈಯಲ್ಲಿದ್ದ ಹಕ್ಕುಪತ್ರಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ಹೇಳುವವರು ತಾಲ್ಲೂಕು ಕಚೇರಿಯಲ್ಲೂ ಸಿಗದಂತಾಯಿತು.

ಬೇರೆ ದಾರಿ ಇಲ್ಲವೇ ಎಂದು ಕೇಳುವವರಿದ್ದಾರೆ. ಬಗರ್‌ಹುಕುಂನ, ಎಂದರೆ ಮಂಜೂರಾತಿ ಇಲ್ಲದೆ ಸಾಗು ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಸುವ ಅರ್ಜಿಗಳಾದ ಫಾರಂ 50, 53, 57 ಇರುವುದು ಕಂದಾಯ ಭೂಮಿಗೆ. ದಾಖಲೆಯಲ್ಲಿ ಅರಣ್ಯ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಎಂದರೆ 75 ವರ್ಷದ ವಾಸ ತೋರಿಸಬೇಕು. 1930ರಿಂದ ಅಲ್ಲಿದ್ದೆವು ಎಂದು 1960ರ ಆಸುಪಾಸಿನಲ್ಲಿ ಲಾರಿಯಲ್ಲಿ ಬಂದಿಳಿದವರು ಎಲ್ಲಿಂದ ತೋರಿಸಬೇಕು?

ಪಹಣಿಯಲ್ಲಿ ಹೆಸರಿಲ್ಲವೆಂದರೆ ಸೊಸೈಟಿಯಲ್ಲಿ ಬೆಳೆ ಸಾಲವಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟ ಹಾಳಾದರೂ ಪರಿಹಾರದ ಪಟ್ಟಿಗೆ ಸೇರುವುದು ಕಷ್ಟ. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೆ ಅದು ಬಾಯಿಮಾತು. ಅರಣ್ಯದ ಹೆಸರಿರುವ ನೆಲದಲ್ಲಿ ರಸ್ತೆಗೂ ಕರೆಂಟಿಗೂ ಮತ್ತೊಂದು ಇಲಾಖೆಯ ಒಪ್ಪಿಗೆ ಬೇಕು. ಕರೆಂಟಿಗಾಗಿಯೇ ಊರು ಬಿಟ್ಟವರ ಮಕ್ಕಳು ಕಂಬ ನೆಡಲು ಅರ್ಜಿ ಹಿಡಿದು ಓಡಾಡಿದ್ದು ಈ ಜಿಲ್ಲೆಯಲ್ಲಿ ಗುಟ್ಟಿನ ವಿಷಯವಲ್ಲ. ಇಷ್ಟಿದ್ದೂ ಭೂಮಿ ಹುಣ್ಣಿಮೆ ಬಂದರೆ ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಬೇಯಿಸಿದ ಸೊಪ್ಪಿನ ಅಡುಗೆಯನ್ನು ನಸುಕಿನಲ್ಲಿ ಗದ್ದೆಗೆ ಬೀರುತ್ತಾರೆ. ಗರ್ಭಿಣಿ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ ಅದು. ಎರಡು ತಲೆಮಾರಿನಿಂದ ಹೀಗೆ ಪೂಜೆಗೊಂಡ ನೆಲವನ್ನು ಒತ್ತುವರಿ ಎಂದು ಬರೆದಿರುವ ನೋಟಿಸು ಅದೇ ಮನೆಯ ಗೂಡಿನಲ್ಲಿರುತ್ತದೆ.

2022ರ ನವೆಂಬರ್‌ನಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆಯಿತು. ಸಮಿತಿಗಳಾದವು, ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆಯ ಮಾತಾಯಿತು, ವಿಷಯ ದೆಹಲಿಗೂ ಹೋಯಿತು. ಈ ನಡುವೆ ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಗೆ ಅನುಮತಿಯ ಕಡತಗಳು ಓಡಾಡುತ್ತಿವೆ. ಸಿಂಗಳೀಕದ ಕಾಡಿನ ನಡುವಿನ ಯೋಜನೆಗೆ ಕೇಂದ್ರದ ಬಾಗಿಲು ತಟ್ಟುವ ಶ್ರದ್ಧೆ, ಮೊದಲ ಯೋಜನೆಯ ಬಾಕಿ ತೀರಿಸುವುದರಲ್ಲೂ ಇದ್ದಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ.

ಈಗ ಉಳಿದಿರುವ ಒಂದು ಕಾನೂನಿನ ಎಳೆ 2023ರ ತಿದ್ದುಪಡಿಯಲ್ಲಿದೆ. ಕಾಯ್ದೆಯಡಿ ಅರಣ್ಯವೆಂದು ಘೋಷಣೆಯಾಗದೆ ಸರ್ಕಾರಿ ದಾಖಲೆಯಲ್ಲಷ್ಟೇ ಅರಣ್ಯ ಎಂದಿದ್ದು, ಸರ್ಕಾರದ ಅಧಿಕೃತ ಆದೇಶದ ಮೇಲೆ 1996ರ ಡಿಸೆಂಬರ್ 12ರೊಳಗೆ ಅರಣ್ಯೇತರ ಬಳಕೆಗೆ ಹೋಗಿದ್ದ ಭೂಮಿಗೆ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸದು ಎಂದು ಅದು ಹೇಳುತ್ತದೆ. ಇದು ಮುಳುಗಡೆಯವರಿಗೆ ನೆರವಾಗಬೇಕಾದರೆ ಹಳ್ಳಿ ಹಳ್ಳಿಗೂ ಅಂದಿನ ಬಿಡುಗಡೆ ಆದೇಶ, ಸ್ಥಳಾಂತರದ ಪಟ್ಟಿ, ಅಳತೆಯ ನಕ್ಷೆ ಬೇಕು. ಅವು ಇರುವುದು ಜಿಲ್ಲಾಡಳಿತ, ಅರಣ್ಯ ಇಲಾಖೆ ಮತ್ತು ವಿದ್ಯುತ್ ಯೋಜನೆಯ ಹಳೆಯ ಕಚೇರಿಗಳ ಕಪಾಟುಗಳಲ್ಲಿ. ರೈತರ ಕೈಯಲ್ಲಲ್ಲ. ಹುಡುಕಿ ತರುವ ಹೊಣೆಯನ್ನು ಅರ್ಜಿದಾರನ ತಲೆಗೆ ಕಟ್ಟದೆ ಸರ್ಕಾರವೇ ಹೊತ್ತುಕೊಳ್ಳಬೇಕು. ಯಾವ ಊರಿನಿಂದ ಎದ್ದೆವು, ಯಾರು ಇಳಿಸಿದರು, ಮೊದಲ ಗಡಿಕಲ್ಲು ಎಲ್ಲಿತ್ತು ಎಂದು ಕಣ್ಣಾರೆ ಕಂಡು ಹೇಳಬಲ್ಲವರಿಗೆ ಈಗ ಎಂಬತ್ತರ ಆಸುಪಾಸು. ಜಂಟಿ ಸರ್ವೆಯ ತಂಡ ಅವರ ಹೇಳಿಕೆಯನ್ನು ಈ ವರ್ಷವೇ ಬರೆದುಕೊಳ್ಳಬೇಕು.