ಕೆನಡಾ ಬಗ್ಗೆ ಅಮೆರಿಕನ್ನರಿಗೆ ಗೊತ್ತಿರುವುದೆಷ್ಟು?

2025ರ ಆರಂಭದ ಕೆಲವೇ ವಾರಗಳಲ್ಲಿ ಅಮೆರಿಕದ ಆಡಳಿತದ ಮೇಲಿನ ಹಂತದಿಂದ ಕೆನಡಾದ ಬಗ್ಗೆ ಹೊರಬಿದ್ದ ಹೇಳಿಕೆಗಳನ್ನು ಒಟ್ಟಿಗಿಟ್ಟು ಓದಿದರೆ, ಜಗಳ ಸುಂಕದ್ದೋ, ಗಡಿಯದ್ದೋ, ಹಾಲಿನದ್ದೋ ಎಂದು ತಿಳಿಯದಷ್ಟು ವಿಷಯ ಸಿಕ್ಕುಸಿಕ್ಕಾಗಿದೆ. ಅಮೆರಿಕದ ಬ್ಯಾಂಕುಗಳಿಗೆ ಕೆನಡಾದಲ್ಲಿ ವ್ಯವಹಾರ ನಡೆಸಲು ಅವಕಾಶವೇ ಇಲ್ಲ ಎನ್ನಲಾಯಿತು. ಟೊರಾಂಟೊದಲ್ಲಿ ಆ ಬ್ಯಾಂಕುಗಳ ಕಚೇರಿಗಳು ದಶಕಗಳಿಂದ ಇವೆ. ಫೆಂಟನಿಲ್ ಎಂಬ ಮಾರಕ ಮಾದಕವಸ್ತು ಉತ್ತರದ ಗಡಿಯಿಂದ ಹರಿದು ಬರುತ್ತಿದೆ ಎನ್ನಲಾಯಿತು. ಅಮೆರಿಕದ್ದೇ ಗಡಿ ಇಲಾಖೆ 2024ರ ಹಣಕಾಸು ವರ್ಷದಲ್ಲಿ ಆ ಗಡಿಯಲ್ಲಿ ವಶಪಡಿಸಿಕೊಂಡದ್ದು ಸುಮಾರು 43 ಪೌಂಡ್, ಮೆಕ್ಸಿಕೊ ಗಡಿಯಲ್ಲಿ 21,000 ಪೌಂಡ್‌ಗೂ ಹೆಚ್ಚು. ವರ್ಷಕ್ಕೆ 20,000 ಕೋಟಿ ಡಾಲರ್ ಕೊಟ್ಟು ಕೆನಡಾವನ್ನು ಸಾಕುತ್ತಿದ್ದೇವೆ ಎಂಬ ಮಾತು ಪದೇ ಪದೇ ಕೇಳಿಬಂತು; 2024ರಲ್ಲಿ ಸರಕು ವ್ಯಾಪಾರದ ಕೊರತೆ 6,000 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು, ಅದಕ್ಕೂ ಮುಖ್ಯ ಕಾರಣ ಅಮೆರಿಕ ತನ್ನ ಅಗತ್ಯಕ್ಕಾಗಿಯೇ ಕೊಳ್ಳುವ ಕಚ್ಚಾ ತೈಲ. ಇವೆಲ್ಲದರ ಮೇಲೆ, ಕೆನಡಾ 51ನೇ ರಾಜ್ಯವಾಗಲಿ ಎಂಬ ಆಹ್ವಾನ.

ಈ ಮಾತುಗಳನ್ನು ಆಡಿದವರು ಯಾರು ಎಂಬುದಕ್ಕಿಂತ, ಅವನ್ನು ಕೇಳಿದ ಕೋಟ್ಯಂತರ ಜನರಲ್ಲಿ ಬಹುಪಾಲು ಮಂದಿಗೆ ಇದರಲ್ಲಿ ಏನೋ ತಪ್ಪಿದೆ ಎಂದು ಥಟ್ಟನೆ ಹೊಳೆಯದಂಥ ಸ್ಥಿತಿ ಹೇಗೆ ಬಂತು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತವಾದುದು. ಎರಡು ದೇಶಗಳ ನಡುವೆ 8,891 ಕಿ.ಮೀ. ಉದ್ದದ ಗಡಿಯಿದೆ, ದಿನವೊಂದಕ್ಕೆ 200 ಕೋಟಿ ಡಾಲರ್‌ಗೂ ಮೀರಿದ ಸರಕು ಅದನ್ನು ದಾಟುತ್ತದೆ. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಅಮೆರಿಕನ್ನರು ಮೆಚ್ಚುವ ದೇಶಗಳ ಪಟ್ಟಿಯ ತುದಿಯಲ್ಲೋ ಅದರ ಪಕ್ಕದಲ್ಲೋ ವರ್ಷವರ್ಷವೂ ಇರುವುದು ಕೆನಡಾವೇ. ಆದರೆ ಆ ಮೆಚ್ಚುಗೆಗೆ ತಕ್ಕ ಪರಿಚಯ ಎಂದೂ ಬೆಳೆಯಲಿಲ್ಲ.

ಭೂಪಟದಿಂದಲೇ ತೊಡಗಬಹುದು. ಕೆನಡಾ ಎಂದೊಡನೆ ‘ಮೇಲಿರುವ ಹಿಮದ ನಾಡು’ ಎಂಬ ಚಿತ್ರ ಅಮೆರಿಕನ್ನರ ಮನಸ್ಸಿನಲ್ಲಿ ಮೂಡುತ್ತದೆ. ಡೆಟ್ರಾಯಿಟ್ ನಗರದ ನದಿದಂಡೆಯಲ್ಲಿ ನಿಂತು ಆಚೆ ದಡದ ವಿಂಡ್ಸರ್ ನಗರವನ್ನು ನೋಡುವವರು ಮಾತ್ರ ದಕ್ಷಿಣಕ್ಕೆ ಮುಖ ಮಾಡಿರುತ್ತಾರೆ. ಅಲ್ಲಿ ಕೆನಡಾ ಇರುವುದು ಅಮೆರಿಕದ ಕೆಳಗೆ. ಒಂಟಾರಿಯೊದ ಪಾಯಿಂಟ್ ಪೀಲಿ ಭೂಶಿರವು ಕ್ಯಾಲಿಫೋರ್ನಿಯಾದ ಉತ್ತರ ಗಡಿಗಿಂತಲೂ ತುಸು ದಕ್ಷಿಣದಲ್ಲಿದೆ. ಕೆನಡಾದ ಸುಮಾರು 4 ಕೋಟಿ ಜನರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಗಡಿಯಿಂದ 100 ಕಿ.ಮೀ. ಒಳಗೇ ನೆಲೆಸಿದ್ದಾರೆ.

ಈ ಗೊಂದಲಕ್ಕೆ ಅಮೆರಿಕದಷ್ಟೇ ವಯಸ್ಸಾಗಿದೆ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಗಡಿಯನ್ನು ಗುರುತಿಸಿದವರು, ಲೇಕ್ ಆಫ್ ದ ವುಡ್ಸ್ ಎಂಬ ಸರೋವರದ ವಾಯವ್ಯ ತುದಿಯಿಂದ ನೇರ ಪಶ್ಚಿಮಕ್ಕೆ ಹೋದರೆ ಮಿಸಿಸಿಪ್ಪಿ ನದಿ ಸಿಗುತ್ತದೆ ಎಂದು ಬರೆದರು. ನದಿ ಹುಟ್ಟುವುದೇ ಅದಕ್ಕಿಂತ ದಕ್ಷಿಣದಲ್ಲಿ ಎಂಬುದು ಅವರ ಕೈಯಲ್ಲಿದ್ದ ನಕ್ಷೆಯಲ್ಲಿ ಇರಲಿಲ್ಲ. ಅದನ್ನು 1818ರಲ್ಲಿ 49ನೇ ಅಕ್ಷಾಂಶದ ಗೆರೆಯಿಂದ ಸರಿಪಡಿಸಲು ಹೋದಾಗ ಮಿನ್ನೆಸೋಟ ರಾಜ್ಯದ ಒಂದು ತುಂಡು ಸರೋವರದ ಆಚೆಗೇ ಉಳಿದುಹೋಯಿತು. ಆ ತುಂಡಿನ ನಿವಾಸಿಗಳು ರಸ್ತೆಯ ಮೂಲಕ ತಮ್ಮದೇ ರಾಜ್ಯದ ಉಳಿದ ಭಾಗಕ್ಕೆ ಹೋಗಬೇಕಾದರೆ ಇಂದಿಗೂ ಕೆನಡಾದ ಮ್ಯಾನಿಟೋಬವನ್ನು ಹಾದು ಬರಬೇಕು.

1775ರಿಂದ ಆಚೆಗಿನ ಸುಮಾರು ನೂರ ನಲವತ್ತು ವರ್ಷಗಳನ್ನು ಹೀಗೆ ಅಡಕಗೊಳಿಸಬಹುದು: 1775ರಲ್ಲಿ ಕ್ವೆಬೆಕ್ ಮೇಲೆ ದಂಡೆತ್ತಿ ಹೋಗಿ ಸೋತು, 1812ರಲ್ಲಿ ಮತ್ತೆ ಹೋಗಿ ಬರಿಗೈಯಲ್ಲಿ ಮರಳಿ, 1867ರಲ್ಲಿ ಅಲ್ಲೊಂದು ಒಕ್ಕೂಟ ತಲೆಯೆತ್ತಿದ್ದನ್ನು ಕಂಡೂ, ಎಂದಾದರೊಂದು ದಿನ ಅದು ತಾನಾಗಿಯೇ ತಮ್ಮೊಳಗೆ ಸೇರಿಕೊಳ್ಳುತ್ತದೆಂಬ ನಂಬಿಕೆಯನ್ನು ಅಮೆರಿಕದ ಅನೇಕ ನಾಯಕರು ಬಿಡಲಿಲ್ಲ. 1911ರಲ್ಲಿ ಎರಡು ದೇಶಗಳ ನಡುವೆ ಸುಂಕ ಇಳಿಸುವ ಒಪ್ಪಂದ ಸಿದ್ಧವಾದಾಗ, ಅಮೆರಿಕದ ಕೆಳಮನೆಯ ಹಿರಿಯ ನಾಯಕರೊಬ್ಬರು ತಮ್ಮ ಬಾವುಟ ಉತ್ತರ ಧ್ರುವದವರೆಗೂ ಹಾರಲಿ ಎಂಬರ್ಥದ ಮಾತನ್ನಾಡಿದರು. ಅಮೆರಿಕದಲ್ಲಿ ಅದು ಸಭೆಯ ಚಪ್ಪಾಳೆಯ ಮಾತಾಗಿಯೇ ಮುಗಿಯಿತು. ಕೆನಡಾದಲ್ಲಿ ಆ ವರ್ಷದ ಚುನಾವಣೆಯಲ್ಲಿ ಪ್ರಧಾನಿ ವಿಲ್ಫ್ರಿಡ್ ಲಾರಿಯೆ ಸೋತರು, ಒಪ್ಪಂದ ಸತ್ತಿತು. ಒಂದೇ ಘಟನೆಯನ್ನು ಒಬ್ಬರು ಮರೆಯುವುದು, ಇನ್ನೊಬ್ಬರು ಮರೆಯದಿರುವುದು ಈ ಸಂಬಂಧದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

1940ರಿಂದ 1989ರವರೆಗೆ ಜಂಟಿ ರಕ್ಷಣೆ, ಮೋಟಾರು ವಾಹನಗಳ ಒಪ್ಪಂದ, ಮುಕ್ತ ವ್ಯಾಪಾರ ಎಲ್ಲವೂ ಒಂದರ ಹಿಂದೊಂದು ಬಂದವು. ಸಂಬಂಧ ಸುಗಮವಾದಷ್ಟೂ ಗಮನ ಕಡಿಮೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ತೊಂದರೆ ಕೊಡದ ನೆರೆಯವರು ಸುದ್ದಿಯೂ ಆಗಲಿಲ್ಲ, ಪಾಠವೂ ಆಗಲಿಲ್ಲ. 1986ರಲ್ಲಿ ವಾಷಿಂಗ್ಟನ್‌ನ ವಾರಪತ್ರಿಕೆಯೊಂದು ಜಗತ್ತಿನ ಅತಿ ನೀರಸ ತಲೆಬರಹ ಯಾವುದೆಂದು ಓದುಗರನ್ನು ಕೇಳಿತು. ಅದಕ್ಕೆ ಮಾದರಿಯಾಗಿ ಕೊಟ್ಟದ್ದು ಕೆನಡಾದ ಶ್ಲಾಘನೀಯ ಉಪಕ್ರಮವೊಂದರ ಬಗ್ಗೆ ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಬಂದಿದ್ದ ತಲೆಬರಹವನ್ನು. ಗಡಿಯ ಆಚೆ ಪರಿಸ್ಥಿತಿ ತಿರುಗುಮುರುಗಾಗಿತ್ತು. ಅಮೆರಿಕದ ಹಾಡು, ಟಿವಿ ಕಾರ್ಯಕ್ರಮಗಳು ಎಷ್ಟು ತುಂಬಿಕೊಂಡಿದ್ದವೆಂದರೆ, 1971ರಿಂದ ರೇಡಿಯೊ ಕೇಂದ್ರಗಳು ಶೇ 30ರಷ್ಟಾದರೂ ಕೆನಡಾದ ಸಂಗೀತ ಹಾಕಲೇಬೇಕೆಂದು ನಿಯಮ ಮಾಡಬೇಕಾಯಿತು.

ಈ ಅಜ್ಞಾನ ಬಹಿರಂಗವಾಗಿ ನಗೆಯ ವಸ್ತುವಾದದ್ದು 2000ದ ಸುಮಾರಿನಲ್ಲಿ. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ವಿಡಂಬನಕಾರ ರಿಕ್ ಮರ್ಸರ್ ಅಮೆರಿಕದ ಬೀದಿಗಳಲ್ಲಿ, ಹೆಸರಾಂತ ವಿಶ್ವವಿದ್ಯಾಲಯಗಳ ಅಂಗಳಗಳಲ್ಲಿ ಮೈಕ್ ಹಿಡಿದು ನಿಂತು, ಕೆನಡಾದ ಬಗ್ಗೆ ಶುದ್ಧ ಸುಳ್ಳುಗಳನ್ನು ಗಂಭೀರ ಮುಖದಿಂದ ಹೇಳಿ ಅಭಿಪ್ರಾಯ ಕೇಳುತ್ತಿದ್ದರು. ಕೆನಡಾದವರ ‘ರಾಷ್ಟ್ರೀಯ ಇಗ್ಲೂ’, ಅಂದರೆ ಹಿಮದ ಗುಡಿಸಲು, ಉಳಿದುಕೊಂಡದ್ದಕ್ಕೆ ರಾಜ್ಯವೊಂದರ ಗವರ್ನರ್ ಕ್ಯಾಮೆರಾದ ಮುಂದೆ ಅಭಿನಂದನೆ ಸಲ್ಲಿಸಿದರು. 2000ದ ಫೆಬ್ರುವರಿಯಲ್ಲಿ ಮಿಷಿಗನ್‌ನಲ್ಲಿ ಪ್ರಚಾರದಲ್ಲಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರನ್ನು ಮರ್ಸರ್ ತಡೆದು, ಕೆನಡಾದ ಪ್ರಧಾನಿ ‘ಜಾನ್ ಪೂಟೀನ್’ ನಿಮ್ಮನ್ನು ಬೆಂಬಲಿಸಿದ್ದಾರೆ ಎಂದರು. ಪೂಟೀನ್ ಎಂದರೆ ಆಲೂಗೆಡ್ಡೆ ಫ್ರೈ ಮೇಲೆ ಚೀಸ್ ತುಣುಕು ಹಾಕಿ ಬಿಸಿ ಗ್ರೇವಿ ಸುರಿದ ಕ್ವೆಬೆಕ್‌ನ ತಿನಿಸು; ಪ್ರಧಾನಿಯ ಹೆಸರು ಜಾನ್ ಕ್ರೆಟಿಯನ್. ಬುಷ್ ಬೆಂಬಲಕ್ಕೆ ಕೃತಜ್ಞತೆ ಹೇಳಿದರು. 2001ರ ಏಪ್ರಿಲ್ 1ರಂದು ಪ್ರಸಾರವಾದ ವಿಶೇಷ ಕಾರ್ಯಕ್ರಮವನ್ನು ಸುಮಾರು 27 ಲಕ್ಷ ಕೆನಡಿಯನ್ನರು ನೋಡಿದರು. ಅದನ್ನು ಇಂದು ನೋಡುವಾಗ ನಗು ಬಂದರೂ, ದಾರಿಹೋಕರು ತೋರಿದ್ದು ಅಜ್ಞಾನಕ್ಕಿಂತ ಹೆಚ್ಚಾಗಿ ಅಪರಿಚಿತರ ಮಾತನ್ನು ನಂಬಿ ಒಳ್ಳೆಯದನ್ನೇ ಹೇಳಬೇಕೆಂಬ ಸೌಜನ್ಯವನ್ನು ಎನಿಸುತ್ತದೆ. ನೆರೆಯವರಿಗೆ ತಾವು ಗೊತ್ತಿಲ್ಲ ಎಂಬುದು ಕೆನಡಿಯನ್ನರ ಸ್ವಾಭಿಮಾನಕ್ಕೆ ಒಂದು ಬಗೆಯ ಆಧಾರವಾಗಿದ್ದೂ ಸುಳ್ಳಲ್ಲ.

ಆರು ತಿಂಗಳಲ್ಲಿ ನಗೆ ನಿಂತಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 200ಕ್ಕೂ ಹೆಚ್ಚು ವಿಮಾನಗಳು ಕೆನಡಾದಲ್ಲಿ ಇಳಿದವು. ಸುಮಾರು 10,000 ಜನರಿದ್ದ ಗ್ಯಾಂಡರ್ ಪಟ್ಟಣವೊಂದರಲ್ಲೇ 38 ವಿಮಾನಗಳ 6,500ಕ್ಕೂ ಹೆಚ್ಚು ಪ್ರಯಾಣಿಕರು ಶಾಲೆ, ಚರ್ಚು, ಮನೆಗಳಲ್ಲಿ ದಿನಗಟ್ಟಲೆ ತಂಗಿದರು. ಒಂಬತ್ತು ದಿನಗಳ ಬಳಿಕ ಅಧ್ಯಕ್ಷ ಬುಷ್ ಅಮೆರಿಕದ ಸಂಸತ್ತಿನಲ್ಲಿ ಹಲವು ದೇಶಗಳನ್ನು ನೆನೆದಾಗ ಕೆನಡಾದ ಹೆಸರು ಬರಲಿಲ್ಲ. ಆ ಋಣಕ್ಕಿಂತ ಗಟ್ಟಿಯಾಗಿ ಬೇರೂರಿದ್ದು ಒಂದು ಸುಳ್ಳು: ವಿಮಾನ ಅಪಹರಿಸಿದವರು ಕೆನಡಾದ ಮೂಲಕ ಬಂದರು ಎಂಬುದು. 19 ಮಂದಿಯಲ್ಲಿ ಒಬ್ಬರೂ ಹಾಗೆ ಬಂದಿರಲಿಲ್ಲ. 1999ರ ಡಿಸೆಂಬರ್‌ನಲ್ಲಿ ಕೆನಡಾದ ವಿಕ್ಟೋರಿಯಾದಿಂದ ಹಡಗಿನಲ್ಲಿ ಸ್ಫೋಟಕ ತಂದ ವ್ಯಕ್ತಿಯೊಬ್ಬ ವಾಷಿಂಗ್ಟನ್ ರಾಜ್ಯದಲ್ಲಿ ಸಿಕ್ಕಿಬಿದ್ದಿದ್ದ. ಆ ನೆನಪೇ ಇದರೊಂದಿಗೆ ಬೆರೆತಿರಬೇಕು. ಕೆನಡಾದ ರಾಯಭಾರಿಗಳು ಒಬ್ಬರಾದ ಮೇಲೊಬ್ಬರು ಅಲ್ಲಗಳೆದರೂ, 2009ರಲ್ಲಿ ಅಮೆರಿಕದ ಆಂತರಿಕ ಭದ್ರತಾ ಸಚಿವರ ಸಂದರ್ಶನವೊಂದರಲ್ಲಿ ಅದೇ ಧ್ವನಿ ಮತ್ತೆ ಕೇಳಿಸಿ, ಬಳಿಕ ಸ್ಪಷ್ಟನೆ ಕೊಡಬೇಕಾಯಿತು. 2003ರ ಆಗಸ್ಟ್ 14ರಂದು 5 ಕೋಟಿ ಜನರಿಗೆ ಕರೆಂಟು ಹೋದಾಗಲೂ ಗಡಿಯ ಎರಡೂ ಕಡೆಯವರು ಮೊದಲು ಬೆರಳು ತೋರಿದ್ದು ಆಚೆಯವರ ಕಡೆಗೆ. ಜಂಟಿ ತನಿಖೆ ನಡೆದಾಗ ಒಹಾಯೊದಲ್ಲಿ ಕತ್ತರಿಸದೆ ಬಿಟ್ಟ ಮರಗಳಿಗೆ ತಂತಿ ತಗಲಿದ ವಿಷಯ ಹೊರಬಂತು.

ಸುಳ್ಳು ನಂಬಿಕೆ ನೀತಿಯಾಗಿ ಇಳಿದದ್ದು ಈ ಹಂತದಲ್ಲಿ. ಅದುವರೆಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಿ, ಎಷ್ಟೋ ಸಲ ಬರೀ ಬಾಯಿಮಾತಿನಲ್ಲಿ ದಾಟುತ್ತಿದ್ದ ಗಡಿಗೆ 2009ರ ಜೂನ್ 1ರಿಂದ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ದಾಖಲೆ ಕಡ್ಡಾಯವಾಯಿತು. ಊಟಕ್ಕೆ, ಹಾಕಿ ಪಂದ್ಯಕ್ಕೆ, ನೆಂಟರ ಮನೆಗೆಂದು ಹೋಗಿಬರುವ ಸಾಮಾನ್ಯರ ಓಡಾಟದಿಂದ ಸಿಗುತ್ತಿದ್ದ ಪರಿಚಯಕ್ಕೂ ಅಲ್ಲಿಗೆ ತಡೆ ಬಿತ್ತು. ವರ್ಮಾಂಟ್‌ನ ಡರ್ಬಿ ಲೈನ್ ಮತ್ತು ಕ್ವೆಬೆಕ್‌ನ ಸ್ಟ್ಯಾನ್‌ಸ್ಟೆಡ್ ಊರುಗಳ ನಡುವೆ 1904ರಲ್ಲಿ ಗಡಿಯ ಮೇಲೆಯೇ ಕಟ್ಟಿದ ಹ್ಯಾಸ್ಕೆಲ್ ಗ್ರಂಥಾಲಯದಲ್ಲಿ ಓದುವ ಕೋಣೆಯ ನೆಲದ ಮೇಲೆ ಕಪ್ಪು ಗೆರೆಯೊಂದು ಹಾದುಹೋಗಿದೆ. ಮುಖ್ಯ ಬಾಗಿಲು ಅಮೆರಿಕದಲ್ಲಿ, ಪುಸ್ತಕಗಳ ಕಪಾಟುಗಳು ಕೆನಡಾದಲ್ಲಿ. ಕೆನಡಾದವರು ಕಾಲುದಾರಿಯಲ್ಲಿ ನಡೆದು ಆ ಬಾಗಿಲಿಗೆ ಬರುತ್ತಿದ್ದ ಹಳೆಯ ರೂಢಿಯನ್ನು ನಿಲ್ಲಿಸುವುದಾಗಿ 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧಿಕಾರಿಗಳು ಪ್ರಕಟಿಸಿದರು.

ಅಮೆರಿಕದ ಚರ್ಚೆಗಳಲ್ಲಿ ಕೆನಡಾ ಕಾಣಿಸಿಕೊಂಡದ್ದು ಹೆಚ್ಚಾಗಿ ತಮ್ಮೊಳಗಿನ ವಾದಕ್ಕೆ ಸಾಕ್ಷಿಯಾಗಿ. 1993ರಲ್ಲಿ, ಮತ್ತೆ 2009ರಲ್ಲಿ ಆರೋಗ್ಯ ವಿಮೆಯ ಜಗಳ ನಡೆದಾಗ ಒಂದು ಪಕ್ಷಕ್ಕೆ ಕೆನಡಾ ಸ್ವರ್ಗವಾಗಿತ್ತು, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಿಸುವ ನರಕ. ಅಲ್ಲಿನ ವ್ಯವಸ್ಥೆಯನ್ನು ನಡೆಸುವುದು ಪ್ರಾಂತ್ಯಗಳು, ವೈದ್ಯರಲ್ಲಿ ಬಹುಪಾಲು ಮಂದಿ ಸರ್ಕಾರಿ ನೌಕರರಲ್ಲ ಎಂಬ ಸಂಗತಿ ಎರಡೂ ಪಕ್ಷಗಳಿಗೆ ಬೇಕಿರಲಿಲ್ಲ. ತೈಲದ ಕಥೆಯೂ ಹೀಗೆಯೇ. ಎರಡು ದಶಕಗಳಿಂದ ಅಮೆರಿಕಕ್ಕೆ ಅತಿ ಹೆಚ್ಚು ಕಚ್ಚಾ ತೈಲ ಕೊಡುತ್ತಿರುವ ದೇಶ ಕೆನಡಾ. ಈಚಿನ ವರ್ಷಗಳಲ್ಲಿ ಅದು ದಿನಕ್ಕೆ ಸುಮಾರು 40 ಲಕ್ಷ ಬ್ಯಾರಲ್, ಒಟ್ಟು ಆಮದಿನ ಹೆಚ್ಚುಕಡಿಮೆ ಶೇ 60. ದಿನವೂ ಹರಿಯುವ ಕೊಳವೆಗಳ ಹೆಸರು ಯಾರಿಗೂ ಗೊತ್ತಿಲ್ಲ, ಪೂರ್ಣಗೊಳ್ಳದೆ ಹೋದ ಕೀಸ್ಟೋನ್ ಎಕ್ಸ್‌ಎಲ್ ಮಾತ್ರ ಮನೆಮಾತಾಯಿತು.

ಈ ನಡುವೆ ಕೆನಡಾವನ್ನು ಕಾಳಜಿಯಿಂದ ಓದಿಕೊಂಡ ಗುಂಪೊಂದು ಅಮೆರಿಕದಲ್ಲೇ ಇತ್ತು: ಬೆಂಗಳೂರು, ಹೈದರಾಬಾದ್ ಕಡೆಯಿಂದ ಹೋಗಿ ಗ್ರೀನ್ ಕಾರ್ಡ್ ಸರತಿಯಲ್ಲಿ ಸೋತ ಎಚ್‌-1ಬಿ ವೀಸಾದ ಎಂಜಿನಿಯರುಗಳು. 2023ರ ಜುಲೈನಲ್ಲಿ ಕೆನಡಾ ಅವರಿಗೆಂದೇ 10,000 ಕೆಲಸದ ಪರವಾನಗಿಗಳಿಗೆ ಅರ್ಜಿ ಕರೆದಾಗ ಎರಡೇ ದಿನಗಳಲ್ಲಿ ಅಷ್ಟೂ ಭರ್ತಿಯಾಯಿತು. ಬೇಕಾದವರಿಗೆ ತಿಳಿದುಕೊಳ್ಳುವುದು ಕಷ್ಟವಿರಲಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕೆನಡಾ ಅಧ್ಯಯನದ ಕೇಂದ್ರಗಳಿವೆ; ಮೇನ್, ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್, ಪಶ್ಚಿಮ ವಾಷಿಂಗ್ಟನ್ ಮುಂತಾದೆಡೆ, ಹೆಚ್ಚಿನವು ಗಡಿಯ ಬಳಿಯೇ. ಇಂಥ ಅಧ್ಯಯನಕ್ಕೆ ಹೊರದೇಶಗಳಲ್ಲಿ ನೆರವು ಕೊಡುತ್ತಿದ್ದ ಕೆನಡಾ ಸರ್ಕಾರದ ಯೋಜನೆಯೊಂದನ್ನು 2012ರಲ್ಲಿ ಖರ್ಚು ಉಳಿಸಲೆಂದು ಅದರ ರಾಜಧಾನಿ ಒಟ್ಟಾವದಲ್ಲೇ ರದ್ದು ಮಾಡಲಾಯಿತು. ನಮ್ಮನ್ನು ಯಾರೂ ಅರಿಯುವುದಿಲ್ಲ ಎಂದು ಕೊರಗುವ ದೇಶ ಅರಿವಿನ ಕಾಲುವೆಯನ್ನು ತಾನೇ ಮುಚ್ಚಿದ್ದು ಆಗ ದೊಡ್ಡ ಸುದ್ದಿಯಾಗಲಿಲ್ಲ.

ಹದಿಮೂರು ವರ್ಷಗಳ ಬಳಿಕ, 2025ರ ಮಾರ್ಚ್‌ನಲ್ಲಿ, ಸುಂಕವೆಂದರೆ ನಿಮ್ಮ ದಿನಸಿ ಬಿಲ್ಲಿನ ಮೇಲಿನ ತೆರಿಗೆ ಎಂದು ತಿಳಿಹೇಳುವ ಫಲಕಗಳನ್ನು ಅದೇ ಸರ್ಕಾರ ಅಮೆರಿಕದ ಹನ್ನೆರಡು ರಾಜ್ಯಗಳ ಹೆದ್ದಾರಿಗಳಲ್ಲಿ ಬಾಡಿಗೆ ಕೊಟ್ಟು ಹಾಕಿಸಿತು. ಅಷ್ಟರಲ್ಲಿ ಒಂಟಾರಿಯೊದ ಮದ್ಯದ ಅಂಗಡಿಗಳಿಂದ ಅಮೆರಿಕದ ಬಾಟಲಿಗಳು ಇಳಿದಿದ್ದವು, ಕಾರಿನಲ್ಲಿ ಅಮೆರಿಕಕ್ಕೆ ಹೋಗಿಬರುವ ಕೆನಡಿಯನ್ನರ ಸಂಖ್ಯೆ ಹಲವು ತಿಂಗಳು ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಹೆಚ್ಚು ಕುಸಿಯಿತು. ಅಕ್ಟೋಬರ್‌ನಲ್ಲಿ ಒಂಟಾರಿಯೊ ಪ್ರಾಂತ್ಯವು ಅಧ್ಯಕ್ಷ ರೊನಾಲ್ಡ್ ರೇಗನ್ 1987ರಲ್ಲಿ ಸುಂಕದ ವಿರುದ್ಧ ಆಡಿದ್ದ ರೇಡಿಯೊ ಮಾತುಗಳನ್ನು ಬಳಸಿ ಅಮೆರಿಕದ ಟಿವಿಗಳಲ್ಲಿ ಜಾಹೀರಾತು ಕೊಟ್ಟಿತು. ಅದನ್ನು ಕಾರಣವಾಗಿ ಮುಂದಿಟ್ಟು ಅಮೆರಿಕ ವ್ಯಾಪಾರ ಮಾತುಕತೆಯನ್ನೇ ನಿಲ್ಲಿಸಿತು. ಮೆಕ್ಸಿಕೊ ಸೇರಿದಂತೆ ಮೂರು ದೇಶಗಳ 2020ರ ವ್ಯಾಪಾರ ಒಪ್ಪಂದವನ್ನು ಮುಂದುವರಿಸಬೇಕೇ ಎಂಬ ಪರಿಶೀಲನೆಗೆ ಒಪ್ಪಂದದಲ್ಲೇ ಗೊತ್ತುಮಾಡಿದ ದಿನ 2026ರ ಜುಲೈ 1.