ಫೋನಿನೊಳಗಿನ ಡೆಬಿಯನ್ ಕಂಟೇನರ್ ಅಲ್ಲ

ಹುಬ್ಬಳ್ಳಿಯಲ್ಲಿ ನಾನು ಲಿನಕ್ಸ್ ಮತ್ತು ಸರ್ವರ್ ನಿರ್ವಹಣೆ ಕಲಿಸುತ್ತೇನೆ. ಗದಗ, ಶಿಗ್ಗಾವಿ, ಬ್ಯಾಡಗಿ ಕಡೆಯಿಂದ ಬಸ್ಸು, ರೈಲು ಹಿಡಿದು ಬರುವ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ, ಇರುವುದು ಆಂಡ್ರಾಯ್ಡ್ ಫೋನು ಮಾತ್ರ. ಲ್ಯಾಬಿನಲ್ಲಿ ಕಲಿತದ್ದನ್ನು ರಾತ್ರಿ ಮನೆಯಲ್ಲಿ ಅದರಲ್ಲೇ ಮಾಡಿ ನೋಡುತ್ತಾರೆ. ಮರುದಿನ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಡಾಕರ್ ಇನ್‌ಸ್ಟಾಲ್ ಆಗೇತ್ರಿ. ಆದ್ರ ಡೀಮನ್ ಏಳವಲ್ದು." ಡಾಕರ್ ಎಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಬೇಲಿಯೊಳಗೆ ಬೇರೆಯಾಗಿ ಓಡಿಸುವ ಸಾಧನ. ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುತ್ತ ಅದರ ಕೆಲಸ ನಡೆಸುವ ಪ್ರೋಗ್ರಾಂ.

ಅವರು ಮಾಡಿದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಫೋನಿನಲ್ಲಿ ಲಿನಕ್ಸ್ ಆದೇಶಗಳನ್ನು ಓಡಿಸುವ ಟರ್ಮಕ್ಸ್ ಆ್ಯಪ್ ಹಾಕಿ, ಪ್ರೂಟ್-ಡಿಸ್ಟ್ರೊ ಮೂಲಕ ಡೆಬಿಯನ್ ಎಂಬ ಲಿನಕ್ಸ್ ಇಳಿಸಿಕೊಂಡು ಒಳಗೆ ಹೋದರೆ ರೂಟ್, ಅಂದರೆ ಪೂರ್ಣ ಅಧಿಕಾರವುಳ್ಳ ಬಳಕೆದಾರರ ಪ್ರಾಂಪ್ಟ್ ಕಾಣುತ್ತದೆ. ಪ್ಯಾಕೇಜ್ ಇಳಿಸಿ ಕೂರಿಸುವ ಆಪ್ಟ್ ಕೆಲಸ ಮಾಡುತ್ತದೆ. ಡಾಕರ್ ಪ್ಯಾಕೇಜೂ ಕೂರುತ್ತದೆ. ಇಷ್ಟೆಲ್ಲ ಆದಮೇಲೆ ಡೀಮನ್ ಮಾತ್ರ ಅನುಮತಿ ಇಲ್ಲ ಎಂದು ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ ಎಂದು ತಿಳಿದುಕೊಂಡವರಿಗೆ ಕಂಟೇನರ್ ಎಂದರೇನು ಎಂಬುದೂ ತಿಳಿದಂತೆ. ಅದಕ್ಕೇ ಈ ಪ್ರಶ್ನೆ ಬಂದಾಗ ನಾನು ಆ ದಿನದ ಪಾಠ ಬದಿಗಿಟ್ಟು ಇದನ್ನೇ ಹಿಡಿಯುತ್ತೇನೆ.

ಕಂಟೇನರ್ ಎಂಬ ಪ್ರತ್ಯೇಕ ವಸ್ತು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಲ್ಲ. ಅಲ್ಲಿರುವುದು ಸಾಮಾನ್ಯ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ. ಅದರ ಕಣ್ಣಿಗೆ ಏನೇನು ಬೀಳಬೇಕು ಎಂಬುದನ್ನು ನೇಮ್‌ಸ್ಪೇಸ್‌ಗಳು ತೀರ್ಮಾನಿಸುತ್ತವೆ. ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಎಂಬುದನ್ನು ಸಿಗ್ರೂಪ್‌ಗಳು. ಸಿಗ್ರೂಪ್ ಕೆಲಸವನ್ನು ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರು ಮಾಡಿದರು, 2008ರ ಆರಂಭದಲ್ಲಿ ಬಂದ 2.6.24 ಕರ್ನಲ್‌ಗೆ ಅದು ಸೇರಿತು. ಯೂಸರ್ ನೇಮ್‌ಸ್ಪೇಸ್ ಒಂದು ರೂಪಕ್ಕೆ ಬಂದದ್ದು 2013ರ 3.8 ಆವೃತ್ತಿಯಲ್ಲಿ. ಡಾಕರ್ ಜಗತ್ತಿಗೆ ಕಾಣಿಸಿಕೊಂಡದ್ದೂ ಅದೇ ವರ್ಷ. ಬೇಲಿ ಹಾಕುವುದು ಯಾವಾಗಲೂ ಕರ್ನಲ್ಲೇ. ಡಾಕರ್ ಹಾಕು ಎಂದು ಕೇಳುತ್ತದೆ, ಅಷ್ಟೇ.

ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ ಅಲ್ಲವೇ ಎಂದು ಚುರುಕಿನ ವಿದ್ಯಾರ್ಥಿ ಕೇಳುತ್ತಾನೆ. ಹೌದು. ಆದರೆ ಕರ್ನಲ್ ಕಂಪೈಲ್ ಮಾಡುವಾಗ ಯಾವ ಸೌಲಭ್ಯ ಇರಬೇಕು, ಯಾವುದು ಬೇಡ ಎಂದು ಆರಿಸಲಾಗುತ್ತದೆ. ಅನೇಕ ಫೋನುಗಳ ಕರ್ನಲ್‌ನಲ್ಲಿ ಪಿಐಡಿ ನೇಮ್‌ಸ್ಪೇಸ್, ಯೂಸರ್ ನೇಮ್‌ಸ್ಪೇಸ್, ಸಾಧನಗಳ ಸಿಗ್ರೂಪ್ ಇವೆಲ್ಲ ಆರಿಸಿರುವುದೇ ಇಲ್ಲ. ಪ್ರೋಸೆಸ್‌ಗಳು ಮೆಮೊರಿ ಹಂಚಿಕೊಂಡು ಮಾತಾಡುವ ಹಳೆಯ ವಿಧಾನವಾದ ಸಿಸ್ಟಮ್ ಫೈವ್ ಐಪಿಸಿಯನ್ನಂತೂ ಆಂಡ್ರಾಯ್ಡ್ ಬೇಕೆಂದೇ ಹೊರಗಿಟ್ಟಿದೆ, ಮತ್ತು ಅದರ ಕಾರಣ ನನಗೆ ಪೂರ್ತಿ ಒಪ್ಪಿಗೆ. ಮೆಮೊರಿ ಸಾಲದಾದಾಗ ಹಿಂದೆ ಇರುವ ಆ್ಯಪ್‌ಗಳನ್ನು ಕೊಲ್ಲುವುದು ಆಂಡ್ರಾಯ್ಡ್‌ನ ದಿನದ ಕೆಲಸ. ಈ ಬಗೆಯ ಹಂಚಿಕೆಯ ಮೆಮೊರಿಯೋ ಪ್ರೋಸೆಸ್ ಸತ್ತರೂ ತಾನಾಗಿ ಬಿಡುಗಡೆ ಆಗುವುದಿಲ್ಲ. ಇದಕ್ಕೆ ಅವಕಾಶ ಕೊಟ್ಟರೆ ಫೋನು ಒಳಗೊಳಗೇ ತುಂಬಿಕೊಳ್ಳುತ್ತದೆ. ಇದರ ಮೇಲೆ ಯಾರು ಏನನ್ನು ಮುಟ್ಟಬಹುದು ಎಂದು ನೋಡುವ ಎಸ್‌ಇಲಿನಕ್ಸ್ ಕಾವಲು, ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್‌ಗೂ ಕರ್ನಲ್‌ಗೆ ಹೋಗುವ ಕರೆಗಳನ್ನು ಸೋಸುವ ಸೆಕ್‌ಕಾಂಪ್ ಜರಡಿ. ಟರ್ಮಕ್ಸ್ ಕೂಡ ಆಂಡ್ರಾಯ್ಡ್ ಲೆಕ್ಕದಲ್ಲಿ ಇನ್ನೊಂದು ಆ್ಯಪ್. ಅದು ಹೊಸ ಫೈಲ್ ವ್ಯವಸ್ಥೆ ಜೋಡಿಸುತ್ತೇನೆ (ಮೌಂಟ್), ಹೊಸ ನೆಟ್‌ವರ್ಕ್ ಸೇತುವೆ ಕಟ್ಟುತ್ತೇನೆ ಎಂದರೆ ಕರ್ನಲ್ ಕೇಳುವುದಿಲ್ಲ.

ಹಾಗಾದರೆ ಒಳಗೆ ಕಂಡ ಡೆಬಿಯನ್ ಏನು? ಅಲ್ಲಿ ಕೆಲಸ ಮಾಡುತ್ತಿರುವುದು ಪ್ರೂಟ್. ಪಿಟ್ರೇಸ್ ಎಂಬ ಡೀಬಗ್ ಮಾಡುವ ಸೌಲಭ್ಯವನ್ನು ಅದು ಬಳಸಿಕೊಳ್ಳುತ್ತದೆ. ಡೆಬಿಯನ್‌ನ ಪ್ರೋಗ್ರಾಂ ಫೈಲ್ ತೆರೆಯಲು ಕರ್ನಲ್ಲನ್ನು ಕೇಳಿದಾಗ ಪ್ರೂಟ್ ನಡುವೆ ತಡೆದು, ದಾರಿಯನ್ನು ಟರ್ಮಕ್ಸ್ ಫೋಲ್ಡರಿನ ಒಳಗಿನ ಜಾಗಕ್ಕೆ ತಿದ್ದಿ ಮುಂದೆ ಬಿಡುತ್ತದೆ. ನಾನು ಯಾರು ಎಂದು ಪ್ರೋಗ್ರಾಂ ಕೇಳಿದರೆ ನೀನು ರೂಟ್ ಎಂದು ಉತ್ತರಿಸುತ್ತದೆ. ಕರ್ನಲ್ ಕಣ್ಣಿಗೆ ಮಾತ್ರ ನೀವು ಅದೇ ಹಳೆಯ, ಅಧಿಕಾರವಿಲ್ಲದ ಆ್ಯಪ್ ಬಳಕೆದಾರರು. ಬೇಲಿ ಎಲ್ಲೂ ಇಲ್ಲ.

ಇದರ ಬೆಲೆಯನ್ನು ವೇಗದಲ್ಲಿ ತೆರಬೇಕು. ಅಮರಗೋಳದ ಎಪಿಎಂಸಿಯಲ್ಲಿ ಪ್ರತಿ ಚೀಲವೂ ತಕ್ಕಡಿಯ ಮುಂದೆ ನಿಂತೇ ಮುಂದೆ ಹೋಗುವಂತೆ, ಇಲ್ಲಿ ಫೈಲಿಗೆ ಸಂಬಂಧಿಸಿದ ಪ್ರತಿ ಕರೆಯೂ ಪ್ರೂಟ್ ಮುಂದೆ ನಿಲ್ಲುತ್ತದೆ. ಹಾಗಾಗಿ ಸಾವಿರಾರು ಸಣ್ಣ ಫೈಲುಗಳನ್ನು ಬಿಚ್ಚುವ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ಇನ್‌ಸ್ಟಾಲ್ ತಾಳ್ಮೆ ಪರೀಕ್ಷಿಸುತ್ತದೆ. ಬರೀ ಲೆಕ್ಕ ಮಾಡುವ ಪೈಥಾನ್ ಪ್ರೋಗ್ರಾಂ ಹೆಚ್ಚುಕಡಿಮೆ ಫೋನಿನ ಪೂರ್ಣ ವೇಗದಲ್ಲೇ ಓಡುತ್ತದೆ, ಏಕೆಂದರೆ ಲೆಕ್ಕಕ್ಕೆ ಕರ್ನಲ್ಲನ್ನು ಕೇಳುವ ಅಗತ್ಯವಿಲ್ಲ. "ಫೋನ್ ಸ್ಲೋ ಐತ್ರಿ" ಎನ್ನುವವರಿಗೆ ಎರಡನ್ನೂ ಓಡಿಸಿ ಹೋಲಿಸಲು ಹೇಳುತ್ತೇನೆ. ಸಿಸ್ಟಮ್ ಕಾಲ್, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಈ ಕರೆ, ಎಂದರೇನು ಎಂಬುದು ನನ್ನ ಭಾಷಣಕ್ಕಿಂತ ಆ ಹೋಲಿಕೆಯಲ್ಲಿ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಪ್ರಾಜೆಕ್ಟ್ ಫೋಲ್ಡರನ್ನು ಫೋನಿನ ಹಂಚಿಕೆಯ ಸಂಗ್ರಹದಲ್ಲಿ, ಅಂದರೆ ಫೋಟೊ, ಡೌನ್‌ಲೋಡ್ ಇರುವ ಜಾಗದಲ್ಲಿ ಇಡಬೇಡಿ. ಅಲ್ಲಿ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಆಗುವುದಿಲ್ಲ, ಫೈಲಿಗೆ ಓಡುವ ಅನುಮತಿಯೂ ಸಿಗುವುದಿಲ್ಲ. ಟರ್ಮಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಏರಿಸುವವರು ಬೇರೆ ಯೂಸರ್ ಮಾಡಿಕೊಳ್ಳಿ, ರೂಟ್ ಹೆಸರಿನಲ್ಲಿ ಓಡಲು ಅದು ಒಪ್ಪುವುದಿಲ್ಲ, ಆ ರೂಟ್ ಸುಳ್ಳಾಗಿದ್ದರೂ ಸಹ.

ಇನ್ನೊಂದು ಕಾಟ ಆಂಡ್ರಾಯ್ಡ್ 12ರಿಂದ ಶುರುವಾಯಿತು. ಆ್ಯಪ್‌ಗಳು ಹುಟ್ಟಿಸಿದ ಮರಿ ಪ್ರೋಸೆಸ್‌ಗಳು ಒಟ್ಟು 32 ದಾಟಿದರೆ ಸಿಸ್ಟಮ್ ಅವನ್ನು ಕೊಲ್ಲತೊಡಗುತ್ತದೆ. ಟರ್ಮಕ್ಸ್‌ನಲ್ಲಿ ಸಿಗ್ನಲ್ 9 ಎಂದು ತೋರಿಸಿ ಸೆಶನ್ ಮುಗಿದರೆ ಮೊದಲು ಇದನ್ನೇ ಅನುಮಾನಿಸಿ. ಆಂಡ್ರಾಯ್ಡ್ 14ರಿಂದ ಡೆವಲಪರ್ ಆಯ್ಕೆಗಳಲ್ಲೇ ಈ ಮಿತಿ ತೆಗೆಯುವ ಸ್ವಿಚ್ ಇದೆ. ಅದಕ್ಕಿಂತ ಹಿಂದಿನ ಫೋನುಗಳಲ್ಲಿ ಎಡಿಬಿ ಬೇಕು, ಅಂದರೆ ಸಾಮಾನ್ಯವಾಗಿ ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಸಾಧನ. ಆಂಡ್ರಾಯ್ಡ್ 11ರಿಂದ ಬಂದ ವೈರ್‌ಲೆಸ್ ಡೀಬಗಿಂಗ್ ಇದ್ದರೆ ಕಂಪ್ಯೂಟರ್ ಇಲ್ಲದೆಯೂ ಟರ್ಮಕ್ಸ್‌ನಿಂದಲೇ ಅದೇ ಫೋನಿಗೆ ಎಡಿಬಿ ಜೋಡಿಸಬಹುದು.

ನಿಜವಾದ ಕಂಟೇನರೇ ಬೇಕು ಎಂದರೆ? ಫೋನನ್ನು ರೂಟ್ ಮಾಡಿ, ಬೇಕಾದ ಆಯ್ಕೆಗಳಿರುವ ಕರ್ನಲ್ ಕಟ್ಟಿ ಹಾಕಿದರೆ ಡಾಕರ್ ಏಳುತ್ತದೆ. ಡಾಕರ್‌ನದೇ ಚೆಕ್-ಕಾನ್ಫಿಗ್ ಸ್ಕ್ರಿಪ್ಟ್ ಯಾವ ಆಯ್ಕೆ ಕಾಣೆಯಾಗಿದೆ ಎಂದು ಪಟ್ಟಿ ಕೊಡುತ್ತದೆ. ಆದರೆ ಮನೆಗೊಂದೇ ಫೋನು ಇದ್ದವರಿಗೆ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಇದಕ್ಕಾಗಿ ಫೋನನ್ನು ಶುರು ಮಾಡುವ ಬೂಟ್‌ಲೋಡರಿನ ಬೀಗ ಬಿಚ್ಚುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ರೂಟ್ ಆದ ಫೋನಿನಲ್ಲಿ ಅನೇಕ ಬ್ಯಾಂಕ್ ಆ್ಯಪ್‌ಗಳು, ಯುಪಿಐ ಆ್ಯಪ್‌ಗಳು ತೆರೆಯಲು ನಿರಾಕರಿಸುತ್ತವೆ. ಬಸ್ ಟಿಕೆಟ್‌ನಿಂದ ಅಪ್ಪನ ಮೆಣಸಿನಕಾಯಿ ಹಣದವರೆಗೆ ಎಲ್ಲವೂ ಆ ಫೋನಿನ ಮೇಲೆ ನಿಂತಿರುವಾಗ ಪ್ರಯೋಗಕ್ಕೆ ಅದು ಜಾಗವಲ್ಲ.

ಹಳೆಯದೊಂದು ಫೋನು ಮೂಲೆಯಲ್ಲಿ ಬಿದ್ದಿದ್ದರೆ ಮಾತು ಬೇರೆ. ಆಲ್ಪೈನ್ ಲಿನಕ್ಸ್ ಆಧರಿಸಿ 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್ ಅದರ ಪಟ್ಟಿಯಲ್ಲಿರುವ ಫೋನುಗಳಲ್ಲಿ ಆಂಡ್ರಾಯ್ಡನ್ನೇ ತೆಗೆದು ಪೂರ್ತಿ ಲಿನಕ್ಸ್ ಕೂರಿಸುತ್ತದೆ. ಒನ್‌ಪ್ಲಸ್ 6ರಂಥ ಮಾದರಿಗಳಿಗೆ ಅಲ್ಲಿ ಒಳ್ಳೆಯ ಬೆಂಬಲವಿದೆ. ಆಮೇಲೆ ಅದು ಅಂಗೈಯಗಲದ ಸರ್ವರ್. ಏಪ್ರಿಲ್ ಬಿಸಿಲಿನಲ್ಲಿ ಕವರಿನೊಳಗೆ, ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿ ಮಾತ್ರ ಇಡಬೇಡಿ, ಬ್ಯಾಟರಿ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಲು ಹೋಗದೆ ರಿಪೇರಿ ಬಲ್ಲವರಿಗೆ ಒಪ್ಪಿಸಿ.

ಗೂಗಲ್ ಬೇರೆ ದಾರಿ ಹಿಡಿದಿದೆ. 2025ರ ಮಾರ್ಚ್‌ನಲ್ಲಿ ಪಿಕ್ಸೆಲ್ ಫೋನುಗಳಿಗೆ ಬಂದ ಆಂಡ್ರಾಯ್ಡ್ 15ರ ಪರಿಷ್ಕರಣೆಯಲ್ಲಿ ಟರ್ಮಿನಲ್ ಎಂಬ ಆ್ಯಪ್ ಸೇರಿತು. ಅದು ವರ್ಚುವಲ್ ಮಶೀನಿನಲ್ಲಿ, ಅಂದರೆ ಫೋನಿನೊಳಗೆ ಬೇರೆಯೇ ಕಂಪ್ಯೂಟರಿನಂತೆ ನಡೆಯುವ ಜಾಗದಲ್ಲಿ, ಡೆಬಿಯನ್ ಓಡಿಸುತ್ತದೆ. ಒಳಗಿನ ಡೆಬಿಯನ್‌ಗೆ ತನ್ನದೇ ಕರ್ನಲ್ ಇರುತ್ತದೆ, ಅಲ್ಲಿನ ರೂಟ್ ಆ ಮಶೀನಿನ ಮಟ್ಟಿಗೆ ನಿಜವಾದ ರೂಟ್. ಫೋನಿನ ಕರ್ನಲ್ ಏನು ಬಿಟ್ಟಿದೆ ಎಂಬ ತಕರಾರು ಅಲ್ಲಿ ಅಡ್ಡ ಬರುವುದಿಲ್ಲ. ಮುಂದಿನ ದಾರಿ ಇದೇ ಎಂದು ನನ್ನ ನಂಬಿಕೆ. ನಮ್ಮ ಹುಡುಗರ ಕೈಯಲ್ಲಿರುವ ಹತ್ತು ಹನ್ನೆರಡು ಸಾವಿರದ ಫೋನುಗಳಿಗೂ ಇದು ಬೇಗ ಇಳಿಯಲಿ ಎಂಬುದು ನನ್ನ ಆಸೆ.

ಅಲ್ಲಿಯವರೆಗೆ ನನ್ನ ಬ್ಯಾಚಿನಲ್ಲಿ ಕೆಲಸವನ್ನು ಎರಡು ಕಡೆ ಹಂಚಿದ್ದೇನೆ. ಶೆಲ್, ಗಿಟ್, ಎಸ್‌ಎಸ್‌ಎಚ್, ಎಂಜಿನ್‌ಎಕ್ಸ್ ವೆಬ್ ಸರ್ವರ್ ಸೆಟಪ್, ಕಂಟೇನರ್ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್ ಬರೆಯುವುದು ಇದೆಲ್ಲ ಟರ್ಮಕ್ಸ್‌ನಲ್ಲಿ. ಎಂಜಿನ್‌ಎಕ್ಸ್ ಅನ್ನು 80ರ ಬದಲು 8080 ಪೋರ್ಟಿನಲ್ಲಿ ಏರಿಸಿ, 1024ಕ್ಕಿಂತ ಕೆಳಗಿನವು ನಿಜವಾದ ರೂಟ್‌ಗೆ ಮೀಸಲು. ಕಂಟೇನರ್ ಏರಿಸುವ ಘಳಿಗೆ ಬಂದಾಗ ಬ್ರೌಸರಿನಲ್ಲೇ ಲಿನಕ್ಸ್ ಮಶೀನು ಕೊಡುವ ಗಿಟ್‌ಹಬ್ ಕೋಡ್‌ಸ್ಪೇಸಸ್ ತೆರೆಯುತ್ತೇವೆ. ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಉಚಿತ, ಅಂದರೆ ಎರಡು ಕೋರಿನ ಮಶೀನಿನಲ್ಲಿ 60 ತಾಸು. ಕೆಲಸ ಮುಗಿದ ಕೂಡಲೇ ನಿಲ್ಲಿಸುವ ಅಭ್ಯಾಸವಿದ್ದರೆ ಕಲಿಯುವವರಿಗೆ ಇದು ಧಾರಾಳವಾಗಿ ಸಾಲುತ್ತದೆ. ಅಲ್ಲಿ ಕಟ್ಟಿದ ಇಮೇಜ್ (ಕಂಟೇನರ್ ಏರಿಸುವ ಕಟ್ಟು) ಇಂಟೆಲ್ ಬಗೆಯ ಪ್ರೊಸೆಸರಿನದು ಎಂಬುದು ನೆನಪಿರಲಿ. ಅದನ್ನು ಹಾಗೇ ಆರ್ಮ್ ಪ್ರೊಸೆಸರಿನ ಹಳೆಯ ಫೋನಿಗೆ ಇಳಿಸಿದರೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಬರುತ್ತದೆ. ಡಾಕರ್‌ನ ಇಮೇಜ್ ಕಟ್ಟುವ ಸಾಧನ ಬಿಲ್ಡ್‌ಎಕ್ಸ್‌ನಲ್ಲಿ ಆರ್ಮ್64 ಅನ್ನೂ ಸೇರಿಸಿ ಕಟ್ಟಿ.