ಐದನೇ ಸೆಷನ್‌ಗೆ ಬಸ್ಸಿಲ್ಲ: ಆನ್‌ಲೈನ್ ಥೆರಪಿ ಬಗ್ಗೆ ನನ್ನ ಓದಿನ ಟಿಪ್ಪಣಿ

ಪರೀಕ್ಷೆಗೆ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದು ಇದು. ಥೆರಪಿ ಅಂದರೆ ಇಲ್ಲಿ ಮನಸ್ಸಿನ ತೊಂದರೆಗೆ ಮಾತಿನ ಮೂಲಕ ಕೊಡುವ ಚಿಕಿತ್ಸೆ; ಅದನ್ನೇ ಫೋನ್, ವಿಡಿಯೋ ಕಾಲ್‌ನಲ್ಲಿ ಮಾಡಿದರೆ ಆನ್‌ಲೈನ್ ಥೆರಪಿ. ಹಾಸನದಲ್ಲಿ ನನ್ನ ಜೊತೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಓದುತ್ತಿರುವವರಿಗೆ, ಬೇರೆ ಕಡೆ ಮನಃಶಾಸ್ತ್ರ ಓದುವವರಿಗೂ ಉಪಯೋಗವಾಗಲಿ ಅಂತ ಸ್ವಲ್ಪ ತಿದ್ದಿ ಹಾಕುತ್ತಿದ್ದೇನೆ.

"ಆನ್‌ಲೈನ್ ಥೆರಪಿಯ ಪ್ರಯೋಜನಗಳನ್ನು ವಿವರಿಸಿ" ಅಂತ ಹತ್ತು ಅಂಕದ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ: ಸಮಯ ಉಳಿಯುತ್ತದೆ, ದುಡ್ಡು ಉಳಿಯುತ್ತದೆ, ಮನೆಯಲ್ಲೇ ಕೂತು ಮಾಡಬಹುದು. ತಪ್ಪೇನಿಲ್ಲ. ಆದರೆ ಇದೇ ಉತ್ತರವನ್ನು ಆನ್‌ಲೈನ್‌ನಲ್ಲಿ ಸೀರೆ ತರಿಸುವುದಕ್ಕೂ ಬರೆಯಬಹುದು, ಅಲ್ವಾ? ಥೆರಪಿ ಅನ್ನುವ ಕೆಲಸಕ್ಕೇ ಇದರಿಂದ ಏನು ಲಾಭ ಅಂತ ಹೇಳಿದರೆ ಮಾತ್ರ ಉತ್ತರಕ್ಕೆ ತೂಕ.

ಮೊದಲು ಯಾರು ಯಾರು ಅಂತ ತಿಳಿದುಕೊಳ್ಳೋಣ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯ ವಿಭಾಗದಲ್ಲೇ ಮುಂದೆ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರು. ಅವರು ಥೆರಪಿ ಮಾಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಕೌನ್ಸೆಲರ್ ಅನ್ನುವ ಹೆಸರು ಮಾತ್ರ ಸಡಿಲ. ಒಳ್ಳೆ ತರಬೇತಿ ಪಡೆದವರೂ ಹಾಗೆ ಹೇಳಿಕೊಳ್ಳುತ್ತಾರೆ, ಮೂರು ದಿನದ ಕೋರ್ಸ್ ಮಾಡಿದವರೂ ಹೇಳಿಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ಎದುರಿಗೆ ಬೋರ್ಡೂ ಇಲ್ಲ, ಆಸ್ಪತ್ರೆಯೂ ಇಲ್ಲ. ಹಾಗಾಗಿ ನೋಂದಣಿ ಸಂಖ್ಯೆ ಕೇಳುವುದು ಜಾಸ್ತಿ ಮುಖ್ಯ. ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಿಜವಾದ ವಿಷಯ. ಒಂದು ಉದಾಹರಣೆ ಊಹಿಸಿಕೊಳ್ಳಿ. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಹೆಂಡತಿ. ವಯಸ್ಸು ಮೂವತ್ತನಾಲ್ಕು ಅಂದುಕೊಳ್ಳೋಣ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತದೆ, ಈಗಲೇ ಪ್ರಾಣ ಹೋಗುತ್ತದೆ ಅನ್ನಿಸುತ್ತದೆ. ಇ.ಸಿ.ಜಿ. ಮಾಡಿಸಿದ್ದಾಯಿತು, ನಾರ್ಮಲ್. ನಿಂಬೆಹಣ್ಣು ನಿವಾಳಿಸಿದ್ದೂ ಆಯಿತು. ಕೊನೆಗೆ ಯಾರೋ ಡಾಕ್ಟರು "ಇದು ಪ್ಯಾನಿಕ್, ಥೆರಪಿ ತೊಗೊಳ್ಳಿ" ಅಂದರು. ಮೊದಲ ಸಲ ಗಂಡ ರಜೆ ಹಾಕಿ ಪೇಟೆಗೆ ಕರೆದುಕೊಂಡು ಬರುತ್ತಾನೆ. ಎರಡನೇ ಸಲಕ್ಕೆ ತಮ್ಮ ಜೊತೆಗೆ ಬರುತ್ತಾನೆ. ಮೂರನೇ ಸಲ ಅನ್ನುವಷ್ಟರಲ್ಲಿ ಕೊಯ್ಲು ಶುರು. ಅರೇಬಿಕಾ ಮುಗಿದರೆ ರೋಬಸ್ಟಾ. ನವೆಂಬರ್‌ನಿಂದ ಮಾರ್ಚ್‌ವರೆಗೆ ಎಸ್ಟೇಟಿನಲ್ಲಿ ಯಾರಿಗೂ ಬಿಡುವಿಲ್ಲ. ಆಮೇಲೆ ಮಕ್ಕಳ ಪರೀಕ್ಷೆ. ಅದಾದ ಮೇಲೆ ಮಳೆ, ರಸ್ತೆ ಮೇಲೆ ಮರ. ಬಸ್ಸಲ್ಲಿ ಪ್ಯಾನಿಕ್ ಬರುವವರಿಗೆ ಬಸ್ಸಲ್ಲಿ ಬಂದು ಚಿಕಿತ್ಸೆ ತೊಗೊಳ್ಳಿ ಅನ್ನುವುದೇ ಒಂದು ತಮಾಷೆ, ಬಿಡಿ.

ಇಲ್ಲಿ ಗಮನಿಸಿ. ಮೊದಲ ಭೇಟಿಗೆ ಹೇಗಾದರೂ ಹೋಗುತ್ತಾರೆ. ಇಂಥ ಕಡೆ ಥೆರಪಿ ಮುರಿದು ಬೀಳುವುದು ಮೂರನೇ, ನಾಲ್ಕನೇ ಭೇಟಿಯ ಹತ್ತಿರ. ನನ್ನ ಪ್ರಕಾರ ಆನ್‌ಲೈನ್‌ನ ದೊಡ್ಡ ಲಾಭ ಇರುವುದು ಇಲ್ಲೇ: ಅದು ಐದನೇ ಭೇಟಿಯನ್ನು ಸಾಧ್ಯ ಮಾಡುತ್ತದೆ.

ಐದನೇ ಭೇಟಿಗೆ ಯಾಕಿಷ್ಟು ಬೆಲೆ? ಸಿಬಿಟಿಯನ್ನೇ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ, ವರ್ತನೆಗಳನ್ನು ತಿದ್ದುವ ಥೆರಪಿ) ತೊಗೊಳ್ಳೋಣ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಪದ್ಧತಿ. ನಮಗೆ ಆಗುವ ಸಂಕಟಕ್ಕೆ ಘಟನೆಯಷ್ಟೇ ಅಲ್ಲ, ಅದರ ಬಗ್ಗೆ ತಟ್ಟನೆ ಹುಟ್ಟುವ ಯೋಚನೆಯೂ ಕಾರಣ ಅನ್ನುವುದು ಅದರ ತಳಹದಿ. ಸಾಮಾನ್ಯವಾಗಿ ವಾರಕ್ಕೊಂದರಂತೆ 6ರಿಂದ 20 ಸೆಷನ್ ನಡೆಯುತ್ತದೆ. ಮೊದಲೆರಡರಲ್ಲಿ ಪರಿಚಯ, ಸಮಸ್ಯೆಯ ನಕ್ಷೆ. ಆಮೇಲೆ ಹೋಂವರ್ಕ್: ಎದೆ ಹೊಡೆದುಕೊಂಡಾಗ ಮನಸ್ಸಿಗೆ ಬಂದ ಯೋಚನೆ ಯಾವುದು, ಅದಕ್ಕೆ ಸಾಕ್ಷಿ ಏನು, ಸಾಕ್ಷಿ ಇಲ್ಲದ್ದು ಏನು ಅಂತ ಬರೆದಿಡುವುದು. ನಿಜವಾದ ಬದಲಾವಣೆ ಆಗುವುದು ಈ ಬರೆದದ್ದನ್ನು ಮುಂದಿನ ವಾರ ಕೂತು ನೋಡುವಾಗ. ನಡುವೆ ಎರಡು ತಿಂಗಳು ಬಿಟ್ಟರೆ ಆಗಷ್ಟೇ ತುಳಿದ ಹೊಸ ದಾರಿಗೆ ಮತ್ತೆ ಹುಲ್ಲು ಬೆಳೆಯುತ್ತದೆ. ಅಷ್ಟರಲ್ಲಿ "ಸಂತೆಗೆ ಹೋಗದಿದ್ದರೆ ಪ್ಯಾನಿಕ್ ಬರಲ್ಲ" ಅಂತ ದೇಹ ಕಲಿತಿರುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ.

ಎರಡನೇ ಲಾಭವನ್ನು ನಮ್ಮ ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಬಹಳ ಇಷ್ಟವಾದದ್ದು ಇದು. ಕೆಲವು ತೊಂದರೆಗಳು ಕ್ಲಿನಿಕ್‌ಗೆ ಬರುವುದೇ ಇಲ್ಲ, ಮನೆಯಲ್ಲೇ ಉಳಿದುಬಿಡುತ್ತವೆ. ಗೀಳು ಕಾಯಿಲೆ, ಅಂದರೆ ಒಸಿಡಿ ನೋಡಿ. ಗ್ಯಾಸ್ ಆಫ್ ಮಾಡಿದೆನಾ ಇಲ್ಲವಾ ಅಂತ ಹದಿನೈದು ಸಲ ಹೋಗಿ ನೋಡುವವರಿಗೆ ಥೆರಪಿಸ್ಟ್‌ನ ರೂಮಿನಲ್ಲಿ ಒಲೆಯೇ ಇಲ್ಲ. ಅಲ್ಲಿ ಕೂತು ಮಾತಾಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಇದಕ್ಕೆ ಕೊಡುವ ಚಿಕಿತ್ಸೆಯ ಹೆಸರು ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಭಯ ಹುಟ್ಟಿಸುವುದನ್ನು ಎದುರಿಸಬೇಕು, ಆದರೆ ಭಯ ಇಳಿಸಲು ಮಾಡುತ್ತಿದ್ದ ಕೆಲಸವನ್ನು ಮಾಡಬಾರದು.

ವಿಡಿಯೋ ಕಾಲ್‌ನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಈ ಗೀಳು ಇರುವ ಒಬ್ಬಾಕೆ ಫೋನ್ ಹಿಡಿದುಕೊಂಡು ತನ್ನ ಅಡುಗೆಮನೆಗೇ ಹೋಗುತ್ತಾಳೆ. ಒಲೆ ಹಚ್ಚಿ ಆರಿಸುತ್ತಾಳೆ. ಒಂದೇ ಸಲ. "ಈಗ ಬಾಗಿಲು ಎಳೆದುಕೊಂಡು ಜಗಲಿಗೆ ಬನ್ನಿ, ತಿರುಗಿ ನೋಡಬೇಡಿ" ಅನ್ನುತ್ತಾರೆ ಥೆರಪಿಸ್ಟ್. ಆತಂಕ ಹತ್ತಕ್ಕೆ ಎಷ್ಟು? ಎಂಟು. ಐದು ನಿಮಿಷ ಬಿಟ್ಟು? ಇನ್ನೂ ಎಂಟು. ಹೀಗೇ ಕೂತರೆ ನಿಧಾನಕ್ಕೆ ಆರು, ಐದು. ಹೋಗಿ ನೋಡದಿದ್ದರೂ ಆತಂಕ ತಾನಾಗೇ ಇಳಿಯುತ್ತದೆ ಅನ್ನುವುದನ್ನು ಆಕೆ ಕಲಿಯುವುದು ತನ್ನ ಮನೆಯ ಜಗಲಿಯಲ್ಲಿ, ತನ್ನದೇ ಒಲೆಯ ವಿಷಯದಲ್ಲಿ. ಕ್ಲಿನಿಕ್‌ನಲ್ಲಿ ಕಲಿತದ್ದನ್ನು ಮನೆಗೆ ಹೊತ್ತು ತರುವ ಕಷ್ಟ ಇಲ್ಲಿ ಇಲ್ಲ. ಒಬ್ಬರೇ ಹೊರಗೆ ಹೋಗಲು ಹೆದರುವವರಿಗೂ ಇದೇ ದಾರಿ. ಮೊದಲ ವಾರ ಗೇಟಿನವರೆಗೆ, ಮುಂದಿನ ವಾರ ಬಸ್ ಸ್ಟಾಪಿನವರೆಗೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಥೆರಪಿಸ್ಟ್ ಜೊತೆಗೇ ನಡೆದಂತೆ.

ಮೂರನೆಯದು ನಾಚಿಕೆ. ದೊಡ್ಡ ಊರಿನವರಿಗೆ ಇದು ಪೂರ್ತಿ ಅರ್ಥವಾಗುವುದಿಲ್ಲ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಒಬ್ಬರಾದರೂ ನೆಂಟರು ಸಿಗುತ್ತಾರೆ. "ಏನ್ ಈ ಕಡೆ?" ಅಂತಾರೆ. "ಸುಮ್ನೆ, ಬಿ.ಪಿ. ತೋರಿಸೋಕೆ" ಅನ್ನಬೇಕು. ಮನೋವೈದ್ಯರ ರೂಮಿನ ಮುಂದೆ ಬೆಂಚಿನಲ್ಲಿ ಕೂತಿದ್ದನ್ನು ಯಾರಾದರೂ ನೋಡಿದರೆ ತಂಗಿಯ ಮದುವೆ ಮಾತುಕತೆವರೆಗೂ ಹೋಗುತ್ತದೆ ಆ ಸುದ್ದಿ. "ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ" ಅನ್ನುವುದನ್ನು ನಾವು ಇನ್ನೂ ಬೈಗುಳವಾಗಿಯೇ ಬಳಸುತ್ತೇವೆ. ಬೆಂಚು ಇಲ್ಲದ ಕ್ಲಿನಿಕ್ ಅಂದರೆ ಸಣ್ಣ ಮಾತಲ್ಲ.

ಗುಟ್ಟು ಕಾಪಾಡುವುದು ಬರೀ ಒಳ್ಳೆತನವೂ ಅಲ್ಲ, ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಕಲಂ ಗೌಪ್ಯತೆಯ ಹಕ್ಕನ್ನು ಕೊಡುತ್ತದೆ. ಪರೀಕ್ಷೆಗೆ ಇದನ್ನು ನೆನಪಿಟ್ಟುಕೊಳ್ಳಿ.

ಆದರೆ ಬಸ್ ಸ್ಟ್ಯಾಂಡಿನಲ್ಲಿ ಉಳಿದ ಗುಟ್ಟು ಮನೆಯಲ್ಲಿ ಉಳಿಯುತ್ತದಾ? ಅತ್ತೆ ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿರುವಾಗ ಅತ್ತೆಯ ಬಗ್ಗೆ ಮಾತಾಡುವುದು ಹೇಗೆ? ಆನ್‌ಲೈನ್‌ನ ದೊಡ್ಡ ದೌರ್ಬಲ್ಯ ಇದೇ, ಅದೂ ಹೆಂಗಸರಿಗೆ ಜಾಸ್ತಿ. ಮಾಡಬಹುದಾದದ್ದು ಇಷ್ಟು: ಇಯರ್‌ಫೋನ್ ಹಾಕಿಕೊಳ್ಳುವುದು, ನಿಲ್ಲಿಸಿದ ಕಾರಿನಲ್ಲೋ ತೋಟದ ಮೂಲೆಯಲ್ಲೋ ಕೂರುವುದು, ಯಾರಾದರೂ ಹತ್ತಿರ ಬಂದರೆ ಹೇಳಲು ಒಂದು ಗುಟ್ಟಿನ ಮಾತನ್ನು ಮೊದಲೇ ಥೆರಪಿಸ್ಟ್ ಜೊತೆ ಒಪ್ಪಿಕೊಳ್ಳುವುದು. "ಹಾಲಿನವರು ಬಂದ್ರು" ಅಂದರೆ ಮಾತು ಬದಲಿಸಿ ಅಂತ ಅರ್ಥ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಇಷ್ಟು ಸಾಲದು. ಆಗ ಹೊರಗಿನ ಸುರಕ್ಷಿತ ಜಾಗದಲ್ಲಿ ಎದುರುಬದುರು ಕೂರುವುದೇ ಸರಿ.

ಪರದೆಯ ಮೂಲಕ ನಂಬಿಕೆ ಹುಟ್ಟುತ್ತದಾ ಅನ್ನುವುದು ಕ್ಲಾಸಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. 1979ರಲ್ಲಿ ಮನಃಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ ಥೆರಪಿಯ ನಂಟನ್ನು ಮೂರಾಗಿ ಬಿಡಿಸಿದರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಹೇಗೆ ಹೋಗಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವಿನ ಬಾಂಧವ್ಯ. ಮೊದಲೆರಡಕ್ಕೆ ಪರದೆ ಅಡ್ಡಿಯೇ ಅಲ್ಲ. ಮೂರನೆಯದಕ್ಕೂ ನಾವು ಹೆದರಿದಷ್ಟು ಅಡ್ಡಿ ಇಲ್ಲ ಅಂತಲೇ ಅಧ್ಯಯನಗಳು ಹೇಳುತ್ತವೆ. ಇನ್ನೊಂದು ಕಡೆ, ಪರದೆ ಇದ್ದಾಗ ಜನ ಬೇಗ ಬಾಯಿ ಬಿಡುತ್ತಾರೆ. ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದನ್ನು ಆನ್‌ಲೈನ್ ಡಿಸ್‌ಇನ್‌ಹಿಬಿಷನ್ (ಪರದೆಯ ಮುಂದೆ ಸಂಕೋಚ ಕಳಚುವುದು) ಅಂತ ವಿವರಿಸಿದರು. ಇದು ಲಾಭ ಅಂತ ಬರೆಯುವಾಗ ಸ್ವಲ್ಪ ಹುಷಾರು. ಮೊದಲ ದಿನವೇ ಎಲ್ಲ ಹೇಳಿಕೊಂಡವರು ರಾತ್ರಿ "ಯಾಕಾದ್ರೂ ಹೇಳಿದ್ನೋ" ಅಂತ ಒದ್ದಾಡಿ ಮತ್ತೆ ಫೋನೇ ಎತ್ತದಿರಬಹುದು. ನಿಧಾನಿಸುವುದು ಥೆರಪಿಸ್ಟ್ ಕೆಲಸ.

ಇದು ಕೊರೋನಾ ಕಾಲದ ಕೂಸು ಅಂತ ಬರೆಯಬೇಡಿ. 1959ರಲ್ಲೇ ಅಮೆರಿಕದ ನೆಬ್ರಾಸ್ಕಾದಲ್ಲಿ ಎರಡೂ ಕಡೆ ಕಾಣುವ ಟಿ.ವಿ. ಮೂಲಕ ಗುಂಪು ಥೆರಪಿ ನಡೆಸಿದ್ದರು. ಕೊರೋನಾ ಮಾಡಿದ್ದು ನಿಯಮದ ಕೆಲಸ: ನಮ್ಮ ದೇಶದ ಟೆಲಿಮೆಡಿಸಿನ್ (ದೂರದಿಂದಲೇ ಕೊಡುವ ಚಿಕಿತ್ಸೆ) ಮಾರ್ಗಸೂಚಿ ಬಂದದ್ದು 2020ರ ಮಾರ್ಚ್ 25ರಂದು.

ಆ್ಯಪ್‌ಗಳ ಬಗ್ಗೆ ಎರಡೇ ಮಾತು. ಖಿನ್ನತೆ, ಆತಂಕಕ್ಕೆ ಇಂಟರ್ನೆಟ್‌ನಲ್ಲಿ ಪಾಠಗಳ ರೂಪದಲ್ಲಿ ಕೊಡುವ ಸಿಬಿಟಿ, ಹಿಂದೆ ಒಬ್ಬ ಮನುಷ್ಯ ನಿಂತು ವಿಚಾರಿಸುತ್ತಿದ್ದರೆ, ಎದುರುಬದುರಿನ ಥೆರಪಿಯಷ್ಟೇ ಕೆಲಸ ಮಾಡುತ್ತದೆ ಅಂತ ಹಲವು ಅಧ್ಯಯನಗಳು ತೋರಿಸಿವೆ. ಯಾರೂ ವಿಚಾರಿಸದಿದ್ದರೆ ಅರ್ಧಕ್ಕೇ ಬಿಡುವವರು ಜಾಸ್ತಿ.

ಅಂಕಿಅಂಶ ಬೇಕೇ ಬೇಕು ಅನ್ನುವವರಿಗೆ: ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಕಾಯಿಲೆಯನ್ನು ನೋಡಿಕೊಂಡು ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ, ಕರ್ನಾಟಕ ಅದರಲ್ಲಿ ಇಲ್ಲ. "ಕರ್ನಾಟಕದಲ್ಲಿ 10.6" ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ.

ದುಡ್ಡಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಸಂಖ್ಯೆ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕನ್ನಡ ಅನ್ನುವುದನ್ನು ಹಗುರವಾಗಿ ತೊಗೊಳ್ಳಬೇಡಿ. "ಎದೆ ಮೇಲೆ ಕಲ್ಲಿಟ್ಟ ಹಾಗೆ" ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳಲು ಹೋದರೆ ಅರ್ಧ ದುಃಖ ಅಲ್ಲೇ ಉಳಿಯುತ್ತದೆ. ಕರೆ ಮಾಡಿದರೆ ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಆದರೆ ಸಹಾಯವಾಣಿಯ ಒಂದು ಕರೆ ಬೇರೆ, ವಾರವಾರ ಅದೇ ವ್ಯಕ್ತಿಯ ಜೊತೆ ನಡೆಯುವ ಥೆರಪಿ ಬೇರೆ.

ಯಾರಿಗೆ ಆನ್‌ಲೈನ್ ಮಾತ್ರ ಸಾಲದು? ಈಗಲೇ ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವವರು, ಇಲ್ಲದ ದನಿ ಕೇಳಿಸಿ ಗಾಬರಿಯಲ್ಲಿರುವವರು, ಕುಡಿತ ಬಿಟ್ಟ ಕೂಡಲೇ ಮೈ ನಡುಗಿ ಫಿಟ್ಸ್ ಬರುವವರು. ಇವರನ್ನು ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಒಳ್ಳೆಯ ಆನ್‌ಲೈನ್ ಥೆರಪಿಸ್ಟ್ ಸೆಷನ್ ಶುರುವಾಗುವ ಮೊದಲೇ "ಈಗ ಎಲ್ಲಿದ್ದೀರಿ, ಹತ್ತಿರದವರ ನಂಬರ್ ಕೊಡಿ" ಅಂತ ಕೇಳುವುದು ಇದಕ್ಕೇ. ಏನಾದರೂ ಆದರೆ ಅವರಿಗೆ ನಿಮ್ಮ ಬಾಗಿಲು ತಟ್ಟಲು ಆಗುವುದಿಲ್ಲ.

ಇನ್ನು ನಮ್ಮ ಕಡೆಯ ಮಳೆಗಾಲ. ಜುಲೈನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅಳುತ್ತಾ ಏನೋ ಹೇಳುವಾಗ ಪರದೆ ನಿಂತುಹೋದರೆ, ಎದುರಿನವರು ಬೇಕಂತಲೇ ಎದ್ದು ಹೋದರು ಅನ್ನಿಸಿಬಿಡುತ್ತದೆ. ಹಾಗಾಗಿ ಮೊದಲ ಸೆಷನ್‌ನಲ್ಲೇ ಮಾತಾಡಿಕೊಳ್ಳಿ: ಲೈನ್ ಕಟ್ಟಾದರೆ ಥೆರಪಿಸ್ಟೇ ಮಾಮೂಲಿ ಫೋನ್‌ಗೆ ಕರೆ ಮಾಡಬೇಕು, ಅದೂ ಸಿಗದಿದ್ದರೆ ಒಂದು ಎಸ್ಸೆಮ್ಮೆಸ್, ಮುಂದಿನ ದಿನಾಂಕದ ಜೊತೆ. ಮನೆಯ ಯಾವ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.